ಡ್ರೈಯರಿನ ಬಾಯಿಗೆ ಕುಂಕುಮ

ಇದನ್ನು ಬರೆಯಬೇಕೆಂದು ಕೂತು, ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಮುಚ್ಚಿ ಎದ್ದುಹೋದದ್ದು ಎಷ್ಟು ಸಲವೋ ನನಗೇ ಗೊತ್ತಿಲ್ಲ. ಒಮ್ಮೆ ಕಣ್ಣಿನ ಪೊರೆಯ ನೆಪ, ಒಮ್ಮೆ ಮೊಮ್ಮಗಳ ಪರೀಕ್ಷೆಯ ನೆಪ. ಪರೀಕ್ಷೆ ಅವಳದ್ದು, ನಿಮಗೇನು ಕಷ್ಟ ಎಂದು ನೀವು ಕೇಳಬಹುದು. ಕೇಳಬೇಡಿ. ಬಾಯಿ ಮುಚ್ಚಿಕೊಂಡಿರಲು ಮನುಷ್ಯನಿಗೆ ಯಾವ ನೆಪವಾದರೂ ಆದೀತು. ಇವತ್ತು ಬರೆಯುತ್ತಿರುವುದೂ ಧೈರ್ಯ ಬಂದು ಅಲ್ಲ, ಸಿಟ್ಟು ಬಂದು. ಸಿಟ್ಟು ಬರಿಸಿದ್ದು ನನ್ನ ಮಗಳ ಮನೆಯ ಹೊಸ ಡ್ರೈಯರ್.

ಮಂಗಳೂರಿನ ಮಳೆಗಾಲದಲ್ಲಿ ಫ್ಲ್ಯಾಟಿನ ಬಾಲ್ಕನಿಯಲ್ಲಿ ಬಟ್ಟೆ ಒಣಗುವುದಿಲ್ಲವೆಂದು ಅಳಿಯ ಅದನ್ನು ತಂದ. ಬಿಳಿ ಪೆಟ್ಟಿಗೆ. ಗುಂಡಿ ಒತ್ತಿದರೆ ಹಾಡುತ್ತದೆ, ಮುಗಿದರೆ ಇನ್ನೊಮ್ಮೆ ಹಾಡುತ್ತದೆ. ಎರಡು ಹಾಡಿನ ನಡುವೆ ಒಂದು ಇಡೀ ಮಧ್ಯಾಹ್ನ ಕಳೆದುಹೋಗುತ್ತದೆ. ಆಮೇಲೆ ಬಾಗಿಲು ತೆರೆದು ಬನಿಯನ್ ತೆಗೆದರೆ ಕಂಕುಳ ಹತ್ತಿರ ಇನ್ನೂ ತಣ್ಣಗೆ!

"ಅಪ್ಪ, ಇದು ಕರೆಂಟ್ ಉಳಿಸ್ತದೆ. ಬಟ್ಟೆಗೂ ಒಳ್ಳೇದಂತೆ," ಎಂದಳು ಮಗಳು ಪ್ರಮೀಳಾ.

"ಬಟ್ಟೆಗೆ ಒಳ್ಳೇದು ಯಾವುದು ಗೊತ್ತುಂಟಾ ಮಾರಾಯ್ತಿ? ಒಣಗುದು!"

"ನಿಮ್ಮ ಕುವೈಟಿನ ಮಿಷನ್ ಕಥೆ ಶುರು ಮಾಡ್ಬೇಡಿ ಈಗ."

ಶುರು ಮಾಡಲಿಲ್ಲ. ಆದರೆ ಹೊಟ್ಟೆಯೊಳಗೆ ಅದು ಶುರುವಾಗಿಬಿಟ್ಟಿತು. ನೋಡಿ, ನನಗೆ ಜೀವನದಲ್ಲಿ ಸರಿಯಾಗಿ ತಿಳಿದಿರುವ ವಿದ್ಯೆ ಒಂದೇ. ಅದು ಗ್ಯಾಸಿನಲ್ಲಿ ಓಡುವ ಹಳೆಯ ಡ್ರೈಯರಿನ ವಿದ್ಯೆ. ಅದನ್ನು ಕೇಳುವವರು ಈ ಮನೆಯಲ್ಲಿ ಯಾರೂ ಇಲ್ಲ. ನೀವಾದರೂ ಕೇಳಿ.

ಕುವೈಟಿನ ಖೈತಾನ್ ಎಂಬ ಪೇಟೆಯ ಒಂದು ಒಳರಸ್ತೆಯಲ್ಲಿ ನಮ್ಮ ಲಾಂಡ್ರಿ. ಹಿಂದಿನ ಕೋಣೆಯಲ್ಲಿ ಎರಡು ಡ್ರೈಯರುಗಳು. ಯಾವ ಕಾಲದಲ್ಲೋ ಅಮೆರಿಕದಿಂದ ಹಡಗಿನಲ್ಲಿ ಬಂದವು. ಬಣ್ಣ ಒಂದು ಕಾಲಕ್ಕೆ ಪಿಸ್ತಾ ಹಸಿರು ಇದ್ದಿರಬೇಕು. ಎದೆಯ ಮೇಲೆ ದುಂಡು ಗಾಜಿನ ಬಾಗಿಲು, ಕೆಳಗೆ ಮೊಣಕಾಲಿನ ಎತ್ತರದಲ್ಲಿ ಸಣ್ಣ ಕಬ್ಬಿಣದ ಬಾಗಿಲು. ಆ ಸಣ್ಣ ಬಾಗಿಲೇ ಅದರ ಬಾಯಿ. ಒಳಗೆ ಬರ್ನರ್. ಪಕ್ಕದಲ್ಲಿ ಹಗಲೂ ರಾತ್ರಿ ಉರಿಯುವ ಪುಟ್ಟ ಜ್ವಾಲೆ, ಅದಕ್ಕೆ ಪೈಲಟ್ ಎನ್ನುತ್ತಿದ್ದೆವು. ಅದನ್ನು ಹಚ್ಚುವುದು ಒಂದು ಕಲೆ. ಕೆಂಪು ಗುಂಡಿಯನ್ನು ಹೆಬ್ಬೆರಳಿನಲ್ಲಿ ಅದುಮಿ ಹಿಡಿದು, ಉದ್ದ ಕಡ್ಡಿ ಗೀರಿ ಒಡ್ಡಬೇಕು. ಹೊತ್ತಿದ ಮೇಲೂ ಗುಂಡಿ ಬಿಡಬಾರದು. ಅಲ್ಲಿರುವ ತಾಮ್ರದ ಕಡ್ಡಿ ಬಿಸಿಯಾಗುವ ತನಕ ಮಗುವನ್ನು ಮಲಗಿಸುವವರ ಹಾಗೆ ಉಸಿರು ಬಿಗಿಹಿಡಿದು ಕೂರಬೇಕು. ಅವಸರ ಮಾಡಿದಿರೋ, ಪುಸ್ ಎಂದು ಆರಿಹೋಗುತ್ತದೆ. ಮತ್ತೆ ಮೊದಲಿನಿಂದ.

ಡ್ರೈಯರ್ ಬಟ್ಟೆಯನ್ನು ಬೆಂಕಿಯಿಂದ ಒಣಗಿಸುತ್ತದೆ ಎಂದು ಜನ ತಿಳಿದಿದ್ದಾರೆ. ತಪ್ಪು! ಅದನ್ನು ಕೇಳಿದರೇ ನನಗೆ ಮೈ ಉರಿಯುತ್ತದೆ. ಬೆಂಕಿ ಬಟ್ಟೆಯನ್ನು ಸುಡುತ್ತದೆ, ಇಲ್ಲವೇ ಬೇಯಿಸುತ್ತದೆ. ಒಣಗಿಸುವುದು ಗಾಳಿ. ಹಿಂದೆ ಒಂದು ದೊಡ್ಡ ಫ್ಯಾನ್ ಇರುತ್ತದೆ, ಅದು ಊದುವುದಿಲ್ಲ, ಎಳೆಯುತ್ತದೆ. ಕೋಣೆಯ ಗಾಳಿ ಆ ಸಣ್ಣ ಕಬ್ಬಿಣದ ಬಾಯಿಯಿಂದ ಒಳಗೆ ಹೋಗಬೇಕು, ಜ್ವಾಲೆಯ ಮೇಲೆ ಹಾದು ಕಾಯಬೇಕು, ತಿರುಗುವ ಡ್ರಮ್ಮಿನೊಳಗೆ ನುಗ್ಗಿ ಬಟ್ಟೆಯ ಪಸೆಯನ್ನು ಹೊತ್ತುಕೊಳ್ಳಬೇಕು, ಜಾಲರಿಯ ಮೂಲಕ ಹಿಂದಿನ ಕೊಳವೆಗೆ ಹೋಗಿ ಬೀದಿಗೆ ಬೀಳಬೇಕು. ಬಂದ ಗಾಳಿ ಹೋಗಲೇಬೇಕು. ಜಾಲರಿಯಲ್ಲಿ ಹತ್ತಿಯ ಎಳೆ ಕಟ್ಟಿಕೊಂಡಿತೋ, ಗಾಳಿ ನಿಂತಿತು. ಒಳಗೆ ಶಾಖ ಏರುತ್ತದೆ, ಶಾಖ ಅಳೆಯುವ ಬಿಲ್ಲೆ ಟಕ್ಕೆಂದು ಬಾಗಿ ಗ್ಯಾಸ್ ನಿಲ್ಲಿಸುತ್ತದೆ, ಬಟ್ಟೆ ತನ್ನದೇ ಹಬೆಯಲ್ಲಿ ಕಡುಬಿನ ಹಾಗೆ ಬೇಯುತ್ತದೆ. ಅಷ್ಟಕ್ಕೆ ಜನ "ನಿಮ್ಮ ಮಿಷನ್ ಹಾಳಾಗಿದೆ" ಎನ್ನುತ್ತಾರೆ. ಮಿಷನ್ ಅಲ್ಲ ಸ್ವಾಮಿ, ನಿಮ್ಮ ಸೋಮಾರಿತನ.

ಜ್ವಾಲೆ ನೀಲಿ ಇರಬೇಕು. ಹಳದಿಯಾದರೆ ಗಾಳಿ ಸಾಲದು ಎಂದು ಅರ್ಥ. ಎರಡೂ ಡ್ರೈಯರುಗಳನ್ನು ಒಟ್ಟಿಗೆ ಬಿಟ್ಟರೆ ಹೊರಗಿನ ಸಿಲಿಂಡರ್ ಅಷ್ಟೊಂದು ಗ್ಯಾಸ್ ಕೊಡಲಾರದೆ ಮೈತುಂಬ ಬಿಳಿ ಮಂಜು ಹಿಡಿದು ನಡುಗುತ್ತದೆ. ಮರಳುಗಾಡಿನ ಧಗೆಯಲ್ಲಿ ಬೆವರದೆ ಮಂಜು ಹಿಡಿಯುವ ಏಕೈಕ ಪ್ರಾಣಿ ಅದು. ಅದರ ಮೇಲೆ ನೀರಿನ ಬಾಟಲಿ ಒರಗಿಸಿಟ್ಟು ತಣ್ಣಗೆ ಮಾಡಿ ಕುಡಿಯುತ್ತಿದ್ದೆವು. ಅಂಥ ಡ್ರೈಯರ್ ಒಂದು ಹೊರೆ ಟವೆಲನ್ನು ನೀವು ಚಹಾ ಕುಡಿದು ನಾಲ್ಕು ಮಾತಾಡಿ ಬರುವಷ್ಟರಲ್ಲಿ ಗರಿಗರಿ ಮಾಡಿ ಕೊಡುತ್ತಿತ್ತು. ಹಾಡದೆ!

ಊರಿಗೆ ಬಂದಾಗ ಎಲ್ಲರದೂ ಒಂದೇ ತಮಾಷೆ. "ಅಲ್ಲ ಶೀನ, ಮರಳುಗಾಡಿನಲ್ಲಿ ಬಟ್ಟೆ ಒಣಗಿಸ್ಲಿಕ್ಕೆ ಮಿಷನಾ? ಸಮುದ್ರಕ್ಕೆ ಉಪ್ಪು ಹಾಕ್ಲಿಕ್ಕೂ ಒಂದು ಇರ್ಬೇಕಲ್ಲ?" ಈ ತಮಾಷೆಯನ್ನು ಹೇಳಿದವರಲ್ಲಿ ಒಬ್ಬನೂ ಒಂದು ಧೂಳುಬಿರುಗಾಳಿಯನ್ನು ಕಂಡವನಲ್ಲ. ಕುವೈಟಿನವರು ಉಡುವ ಉದ್ದ ಬಿಳಿ ಅಂಗಿ ದಿಶ್ದಾಶಾ. ಅದು ಹಾಲಿನ ಕೆನೆಯ ಹಾಗಿರಬೇಕು. ಹಗ್ಗಕ್ಕೆ ಹಾಕಿದರೆ ಅಲ್ಲಿಯ ಬಿಸಿಲಿಗೆ ಅದು ಕ್ಷಣದಲ್ಲಿ ಒಣಗುತ್ತದೆ, ಕ್ಷಣದಲ್ಲಿ ಕೆಮ್ಮಣ್ಣಿನ ಬಣ್ಣಕ್ಕೂ ಬರುತ್ತದೆ. ಆದ್ದರಿಂದ ಡ್ರೈಯರ್. ಇಷ್ಟು ಸಣ್ಣ ವಿಷಯ ತಿಳಿಯದವರು ನನ್ನನ್ನು ನೋಡಿ ನಗುತ್ತಿದ್ದರು.

ನಗದಿದ್ದವರು ಇನ್ನೂ ಅಪಾಯ. ನನ್ನ ಹೆಂಡತಿ ಊರಿನಲ್ಲಿ "ನಮ್ಮವರು ಗ್ಯಾಸಿನಲ್ಲಿ ಇದ್ದಾರೆ" ಎಂದು ಹೇಳಿದ್ದಳು. ಸುಳ್ಳೇನೂ ಅಲ್ಲ. ಆದರೆ ಕೇಳಿದವರು ಎಸ್ಸೆಸ್ಸೆಲ್ಸಿ ಪಾಸಾದ ಶೀನ ಗ್ಯಾಸ್ ಕಂಪೆನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ ಎಂದು ತಿಳಿದುಕೊಂಡರು. ಒಬ್ಬರು ತಮ್ಮ ಮಗನಿಗೆ ಅಲ್ಲಿ ಇಂಜಿನಿಯರ್ ಕೆಲಸ ಕೊಡಿಸೆಂದು ಮನೆಗೇ ಬಂದರು. ನಾನು "ನೋಡುವ" ಎಂದೆ. ತಪ್ಪು ತಿಳಿದವರನ್ನು ತಿದ್ದದೆ ಸುಮ್ಮನಿರುವ ಅಭ್ಯಾಸ ನನಗೆ ಅಷ್ಟು ಹಳೆಯದು. ಅದನ್ನು ಇಲ್ಲಿ ಹೇಳಿಟ್ಟಿರುತ್ತೇನೆ.

ಲಾಂಡ್ರಿಯಲ್ಲಿ ಒಗೆಯುವವರು ಬೇರೆ, ಒಣಗಿಸುವವನು ನಾನು, ಇಸ್ತ್ರಿ ಹಾಕುವವನು ಬೀಡಾ. ಫೋರ್‌ಮನ್ ಮೂಲ್ಕಿಯ ಸುಂದರಣ್ಣ. ಬೀಡಾ ಉಪ್ಪಿನಂಗಡಿ ಕಡೆಯ ಬ್ಯಾರಿ, ಅಂದರೆ ನಮ್ಮ ಕರಾವಳಿಯ ಮುಸಲ್ಮಾನ. ಆ ಹೆಸರು ಇಟ್ಟದ್ದು ನಾವೇ, ಯಾವಾಗಲೂ ಬಾಯಲ್ಲಿ ಎಲೆ ಇರುತ್ತಿದ್ದುದರಿಂದ. ಊರಿನಿಂದ ಬರುವ ಯಾರ ಪೆಟ್ಟಿಗೆಯಲ್ಲಾದರೂ ಒಂದು ಕಟ್ಟು ವೀಳ್ಯದೆಲೆ ತರಿಸಿಕೊಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿ ಬಾಣಂತಿಯ ಹಾಗೆ ನೋಡಿಕೊಳ್ಳುತ್ತಿದ್ದ. ಹಲ್ಲುಗಳು ಹಳೆಯ ಹಂಚಿನ ಬಣ್ಣಕ್ಕೆ ಬಂದಿದ್ದವು. ಊರಿನ ಇಸ್ತ್ರಿಯವರ ಹಾಗೆ ಬಾಯಲ್ಲಿ ನೀರು ತುಂಬಿಕೊಂಡು ಫೂ ಎಂದು ಬಟ್ಟೆಗೆ ಹಾರಿಸುವುದು ಅವನ ಮೊದಲಿನ ಅಭ್ಯಾಸ. ಇಬ್ಬನಿ ಬಿದ್ದ ಹಾಗೆ ಹರಡುತ್ತಿತ್ತು. ಒಮ್ಮೆ ಒಂದು ತಲೆದಿಂಬಿನ ಚೀಲದ ಮೇಲೆ ಎಲೆಯ ರಸದ ಚುಕ್ಕೆ ಬಿದ್ದು ದೊಡ್ಡ ಗಲಾಟೆಯಾಯಿತು. ಸುಂದರಣ್ಣ ಅವನ ಕೈಗೆ ನೀರು ಚಿಮುಕಿಸುವ ಪ್ಲಾಸ್ಟಿಕ್ ಬಾಟಲಿ ಕೊಟ್ಟ. ಅಂದಿನಿಂದ ಅವನು ಬಾಟಲಿ ಬಿಟ್ಟು ಬಾಯಿಂದ ನೀರು ಹಾರಿಸಿದವನಲ್ಲ. ಆದರೆ ಒಬ್ಬನ ತಪ್ಪನ್ನು ಅವನು ಬಿಟ್ಟರೂ ಜನ ಬಿಡುತ್ತಾರೆಯೇ? ಅವನು ಇಸ್ತ್ರಿ ಎತ್ತಿದರೆ ಸಾಕು, ಯಾರಾದರೊಬ್ಬರು "ಫೂ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಹೆಚ್ಚಿನ ಸಲ "ಫೂ" ಎನ್ನುತ್ತಿದ್ದವನು ನಾನು.

ತೊಂಬತ್ತರ ಆಗಸ್ಟಿನಲ್ಲಿ ಯುದ್ಧ ಬಂತು. ಅದರ ಕಥೆ ನೀವು ಬೇರೆಯವರ ಬಾಯಲ್ಲಿ ಬೇಕಾದಷ್ಟು ಕೇಳಿದ್ದೀರಿ. ಉಟ್ಟ ಬಟ್ಟೆಯಲ್ಲಿ ಬಸ್ಸು ಹತ್ತಿ, ಬಗ್ದಾದ್ ದಾಟಿ, ಜೋರ್ಡಾನಿನ ಗಡಿಯ ಬಯಲಿನ ಡೇರೆಗಳಲ್ಲಿ ವಿಮಾನಕ್ಕೆ ಕಾಯುತ್ತ ಬಿದ್ದುಕೊಂಡಿದ್ದೆವು. ನಾನೂ ಬೀಡಾನೂ ಒಂದೇ ಡೇರೆ. ಅವನು ಸಿಕ್ಕಿದ ಚೂರು ನೀರಿನಲ್ಲಿ ತನ್ನ ಅಂಗಿಯನ್ನು, ಹೇಳದೆ ಕೇಳದೆ ನನ್ನ ಅಂಗಿಯನ್ನೂ ತೊಳೆದು, ಎರಡು ಕೈಯಲ್ಲಿ ಒಂದೊಂದನ್ನು ಬಾವುಟದ ಹಾಗೆ ಹಿಡಿದು ಗಾಳಿಗೆ ನಿಂತ.

"ನೋಡಿ ಶೀನಣ್ಣ, ಗ್ಯಾಸೂ ಬೇಡ, ಪೈಲಟೂ ಬೇಡ. ನಿಮ್ಮ ಕೆಲಸ ಹೋಯ್ತು," ಎಂದ.

ನಾನು ನಗಲಿಲ್ಲ. ಆ ಎರಡು ಡ್ರೈಯರುಗಳನ್ನು ಯಾರಾದರೂ ಹೊತ್ತುಕೊಂಡು ಹೋಗಿರುತ್ತಾರೆ ಎಂಬ ಚಿಂತೆ ನನ್ನನ್ನು ತಿನ್ನುತ್ತಿತ್ತು. ಅವು ಇಲ್ಲದಿದ್ದರೆ ಅಲ್ಲಿ ನಾನು ಯಾರು? ಬೇರೆಯವರು ದೇವರಿಗೆ ಹರಕೆ ಹೇಳುತ್ತಿದ್ದರು, ನಾನು ಮಿಷನ್ನಿಗೆ ಹೇಳಿದೆ. "ಅವು ಎರಡು ಅಲ್ಲೇ ಇದ್ದು, ನಾವು ವಾಪಸು ಹೋದ್ರೆ, ಈ ಸಲ ಆಯುಧ ಪೂಜೆ ಮಾಡಿಯೇ ಮಾಡ್ತೇನೆ. ಯಾರು ಏನು ಬೇಕಾದ್ರೂ ಹೇಳ್ಲಿ."

"ಮಾಡಿ, ಮಾಡಿ. ನಿಂಬೆಹಣ್ಣು ನಾನು ತರ್ತೇನೆ," ಎಂದ ಬೀಡಾ.

ತೊಂಬತ್ತೊಂದರಲ್ಲಿ, ಯುದ್ಧ ಮುಗಿದ ಮೇಲೆ, ನಮ್ಮ ಕಫೀಲ್, ಅಂದರೆ ನಮ್ಮ ವೀಸಾದ ಒಡೆಯ, ಲಾಂಡ್ರಿಯ ಮಾಲೀಕನೂ ಅವನೇ, ಹಳಬರನ್ನೆಲ್ಲ ಮತ್ತೆ ಕರೆಸಿಕೊಂಡ. ಹೋಗಿ ನೋಡಿದರೆ ಅಂಗಡಿ ಖಾಲಿ. ಹೊಸ ಕರೆಂಟಿನ ಮಿಷನ್‌ಗಳು, ಮೇಜು, ಫ್ಯಾನು, ಕೊನೆಗೆ ಗೋಡೆಯ ಕನ್ನಡಿ ಕೂಡ ಹೋಗಿತ್ತು. ಹಿಂದಿನ ಕೋಣೆಯಲ್ಲಿ ನೆಲಕ್ಕೆ ಬೋಲ್ಟು ಹಾಕಿಸಿಕೊಂಡು ನಿಂತಿದ್ದವು ನನ್ನ ಎರಡು ಹಳೆಯ ಡ್ರೈಯರುಗಳು. ಕದಿಯುವವರಿಗೂ ಬೇಡವಾದ ಮುದುಕಿಯರು! ನನಗೆ ಅಳು ಬಂತು. ಬೀಡಾ ಒಂದರ ಬೆನ್ನು ತಟ್ಟಿ "ಏನಜ್ಜಿ, ಸೌಖ್ಯವಾ?" ಎಂದ.

ಆ ಅಜ್ಜಿಯರಿಗೆ ಅಂಥ ಬೆಲೆ ಹಿಂದೆಂದೂ ಇರಲಿಲ್ಲ. ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು. ಆಕಾಶದ ಒಂದು ಮೂಲೆ ಹಗಲಿನಲ್ಲೇ ಮಸಿ. ಗಾಳಿ ಈ ಕಡೆ ತಿರುಗಿದ ದಿನ ಹಗ್ಗದ ಮೇಲಿನ ಬಟ್ಟೆಗೆ ಜಿಡ್ಡಿನ ಕಪ್ಪು ಹನಿ ಬೀಳುತ್ತಿತ್ತು. ಖೈತಾನಿನ ಅರ್ಧ ಜನ ನಮ್ಮ ಬಾಗಿಲಲ್ಲಿ. ನಾನು ಸುಂದರಣ್ಣನಿಗೆ ಗತ್ತಿನಿಂದ ಹೇಳಿದೆ, "ಹಿಂದಿನ ಕೋಣೆಯ ಕಿಟಕಿಗೆ ಒದ್ದೆ ಚಾದರ ಕಟ್ಟಿಸಿ. ಕೋಣೆಯಲ್ಲಿ ಏನುಂಟೋ ಅದನ್ನೇ ಮಿಷನ್ ಎಳೆದುಕೊಂಡು ಬಟ್ಟೆಗೆ ಕೊಡ್ತದೆ. ಮಸಿ ಇದ್ರೆ ಮಸಿ." ಚಾದರ ಕಟ್ಟಿದರು. ನನ್ನ ಬುದ್ಧಿವಂತಿಕೆಯನ್ನು ಕಫೀಲ್ ಕೂಡ ಹೊಗಳಿದ. ಈ ಮಾತನ್ನು ಹೇಳಿದವನು ನಾನೇ, ಇದನ್ನು ಮರೆತವನೂ ನಾನೇ. ಅದಕ್ಕೇ ಹೇಳುವುದು, ಎಸ್ಸೆಸ್ಸೆಲ್ಸಿ ಪಾಸಾದರೆ ಸಾಲದು.

ನವರಾತ್ರಿ ಬಂತು. ಅಲ್ಲಿ ಪೂಜೆಗೀಜೆ ಎಲ್ಲ ಬಾಗಿಲು ಹಾಕಿಕೊಂಡು, ನಮ್ಮ ಕೋಣೆಗಳಲ್ಲಿ. ಬೇರೆಯವರ ಅಂಗಡಿಯಲ್ಲಿ, ಅದೂ ಕಫೀಲನ ಅಂಗಡಿಯಲ್ಲಿ ಮಾಡಿದರೆ ಏನಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ, ತಿಳಿಯುವ ಧೈರ್ಯವೂ ಇರಲಿಲ್ಲ. ಟಿಕೆಟು ಕೊಟ್ಟು ಕಳಿಸಿಬಿಡುತ್ತಾರೆ ಎನ್ನುತ್ತಿದ್ದರು. ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಿನಲ್ಲಿ ಎಲ್ಲರೂ ಊಟಕ್ಕೆ ಹೋದರು. ಬೀಡಾ ಅರ್ಧ ಎಳೆದ ಶಟರಿನ ಬಳಿ ಕುಕ್ಕರುಗಾಲಲ್ಲಿ ಕೂತು ಬೀದಿ ನೋಡಿಕೊಂಡ. ಹಿಂದಿನ ಸಂಜೆ ಸೂಕ್, ಅಂದರೆ ಅಲ್ಲಿಯ ಸಂತೆಪೇಟೆಯ ಕಡೆ ಹೋದಾಗ ಮರೆಯದೆ ತಂದಿದ್ದ ನಿಂಬೆಹಣ್ಣುಗಳನ್ನು ನನ್ನ ಕೈಗೆ ಹಾಕಿದ.

"ಬೇಗ ಮಾಡಿ ಶೀನಣ್ಣ. ನಿಮ್ಮ ಮಂತ್ರ ಉದ್ದ ಉಂಟಾ?"

"ನನಗೆ ಮಂತ್ರವೇ ಬರುದಿಲ್ಲ ಮಾರಾಯ."

"ಹಾಗಾದ್ರೆ ಒಳ್ಳೇದಾಯ್ತು."

ಡ್ರೈಯರುಗಳ ಕಾಲಬುಡದಲ್ಲಿ ಒಂದೊಂದು ನಿಂಬೆಹಣ್ಣು ಇಟ್ಟೆ. ಊರಿನ ದೇವಸ್ಥಾನದ ಪ್ರಸಾದದ ಪೊಟ್ಟಣ ಬಿಚ್ಚಿ ಅರಿಶಿನ ಕುಂಕುಮ ತೆಗೆದೆ. ಗ್ಯಾಸ್ ಇರುವ ಕಡೆ ಕರ್ಪೂರ ಬೇಡ, ಪೈಲಟ್ ಉರಿಯುತ್ತಿದೆಯಲ್ಲ, ಅದೇ ಮಂಗಳಾರತಿ ಎಂದುಕೊಂಡೆ. ಅಲ್ಲಿಗೆ ನನ್ನ ಬುದ್ಧಿ ಮುಗಿಯಿತು. ಎಲ್ಲರೂ ಲಾರಿಯ ಹಣೆಗೆ, ಸ್ಟಿಯರಿಂಗಿಗೆ ಬೊಟ್ಟು ಇಟ್ಟು ತೃಪ್ತರಾಗುತ್ತಾರೆ. ನನಗೆ ಅಷ್ಟು ಸಾಲಲಿಲ್ಲ. ಇದರ ಜೀವ ಇರುವುದು ಬೆಂಕಿಯಲ್ಲಿ ಎಂದು ಮೊಣಕಾಲೂರಿ, ಸಣ್ಣ ಕಬ್ಬಿಣದ ಬಾಗಿಲು ತೆರೆದು, ಎರಡರ ಬಾಯಿಗೂ ಹಿಡಿಹಿಡಿ ಅರಿಶಿನ ಕುಂಕುಮ ಅರ್ಪಿಸಿದೆ. ಕೈಮುಗಿದೆ. ಕಣ್ಣಲ್ಲಿ ನೀರೂ ಬಂತು. ಭಕ್ತಿ ಬಂದಾಗ ಮನುಷ್ಯನಷ್ಟು ದಡ್ಡ ಬೇರೆ ಇಲ್ಲ.

ಅಂಗಡಿ ತೆರೆದ ಕೂಡಲೇ ಮೊದಲ ಹೊರೆ ಕಫೀಲನ ತಂಗಿಯ ಮಗನ ಮದುವೆಯ ದಿಶ್ದಾಶಾಗಳು. ಯುದ್ಧ ಮುಗಿದ ಮೇಲೆ ಆ ಮನೆಯ ಮೊದಲ ಮದುವೆ. ನಾನು ಡ್ರಮ್ಮಿಗೆ ತುಂಬಿದೆ, ಗುಂಡಿ ಒತ್ತಿದೆ, ಬರ್ನರ್ ಧಪ್ ಎಂದು ಹತ್ತಿತು. ಫ್ಯಾನು ತನ್ನ ಕೆಲಸ ಮಾಡಿತು. ಬಾಯಿಯಲ್ಲಿ ಏನಿತ್ತೋ ಅದನ್ನು ಎಳೆದು ಬಟ್ಟೆಗೆ ಕೊಟ್ಟಿತು.

ತೆಗೆಯುವಾಗ ನಾನು ನೋಡಿದೆ. ಎಲ್ಲದರ ಮೇಲೂ ಅಲ್ಲ, ಕೆಲವದರ ಕುತ್ತಿಗೆಯ ಪಟ್ಟಿ, ತೋಳು, ಎದೆಯ ಮೇಲೆ ಸೂಜಿಮೊನೆಯಂಥ ಕೆಂಪು ಚುಕ್ಕೆಗಳು. ಒದ್ದೆ ಬಟ್ಟೆಯಲ್ಲಿ ಸೋಪಿನ ಅಂಶ ಇತ್ತೋ ಏನೋ, ಅರಿಶಿನವೂ ಕೆಂಪಾಗಿತ್ತು. ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆ ಎಂದು ನಮ್ಮ ಮನೆಯ ಹೆಂಗಸರಿಗೆಲ್ಲ ಗೊತ್ತು. ಅದರ ಮೇಲೆ ಬಿಸಿ ಗಾಳಿ ತಾಗಿ ಬಣ್ಣ ಕಚ್ಚಿಹಿಡಿದಿತ್ತು. ಬೆರಳಿನಲ್ಲಿ ತಿಕ್ಕಿದೆ. ಹೋಗಲಿಲ್ಲ. ನನಗೆ ಆ ಕ್ಷಣವೇ ಎಲ್ಲ ತಿಳಿಯಿತು. ತಿಳಿದು ಏನು ಮಾಡಿದೆ? ಚುಕ್ಕೆಯಿದ್ದ ದಿಶ್ದಾಶಾಗಳನ್ನು ಬುಟ್ಟಿಯ ಅಡಿಗೆ ಹಾಕಿ, ಮೇಲೆ ಬೆಳ್ಳಗಿನವನ್ನು ಹೊದಿಸಿ, ಬುಟ್ಟಿಯನ್ನು ಇಸ್ತ್ರಿ ಮೇಜಿನ ಕಡೆಗೆ ಕಾಲಿನಿಂದ ತಳ್ಳಿದೆ. ಹಬೆಗೆ ಹೋದೀತು ಎಂದುಕೊಂಡೆ ಎಂದು ಹೇಳಿದರೆ ಅದೂ ಸುಳ್ಳು. ನನ್ನ ಕೈಯಿಂದ ದಾಟಿದರೆ ಸಾಕು ಎಂದುಕೊಂಡೆ.

ಬೀಡಾ ಮೇಲಿನವನ್ನೆಲ್ಲ ಮುಗಿಸಿ ಅಡಿಯಲ್ಲಿದ್ದ ಒಂದನ್ನು ಎತ್ತಿ ಬೆಳಕಿಗೆ ಹಿಡಿದ. "ಶೀನಣ್ಣ, ಇದೆಂತದು?" ಎಂದು ನನ್ನ ಕಡೆ ತಿರುಗುವುದಕ್ಕೂ ಕಫೀಲ್ ಬಟ್ಟೆ ನೋಡಿ ಹೋಗೋಣವೆಂದು ಒಳಗೆ ಬರುವುದಕ್ಕೂ ಸರಿಹೋಯಿತು. ಬಟ್ಟೆ ಯಾರ ಕೈಯಲ್ಲಿ ಇತ್ತೋ ಅವನು ಸಿಕ್ಕಿಬಿದ್ದ.

"ಶಿನೂ ಹಾದಾ?" ಇದೇನು ಎಂದು ಅರಬಿಯಲ್ಲಿ ಗದರಿ, ಆಮೇಲೆ ಕಫೀಲ್ ಈ ಕೆಂಪು ಎಲ್ಲಿಂದ ಬಂತು ಎಂದು ತನ್ನ ಹಳೆಯ ಬೊಂಬಾಯಿ ಹಿಂದಿಗೆ ಇಳಿದ. "ಯೇ ಲಾಲ್ ಕಿದರ್ ಸೇ ಆಯಾ?"

ಸುಂದರಣ್ಣ ಓಡಿಬಂದ. ಚುಕ್ಕೆಗಳನ್ನು ನೋಡಿದ, ಬೀಡಾನ ಮುಖ ನೋಡಿದ. ಅವನಿಗೆ ಲೆಕ್ಕ ಆಗಲೇ ಆಗಿಹೋಗಿತ್ತು. "ಬೀಡಾ, ಪುನಃ ಬಾಯಲ್ಲಿ ನೀರು ಹಾರಿಸಿದ್ದಾ ನೀನು?"

"ಇಲ್ಲ ಸುಂದರಣ್ಣ. ಬಾಟ್ಲಿ ಇಲ್ಲೇ ಉಂಟಲ್ಲ. ಈ ಸಲ ಬಂದ ಮೇಲೆ ನಾನು ಎಲೆಯ ಮುಖವೇ ಕಾಣ್ಲಿಲ್ಲ. ಎಲ್ಲಿ ಸಿಗ್ತದೆ ಇಲ್ಲಿ ಈಗ ಎಲೆ?"

ಅದು ಸತ್ಯ. ಯುದ್ಧದ ನಂತರ ಕುವೈಟಿನಲ್ಲಿ ಟೊಮೆಟೊ ಸಿಗುವುದೇ ಕಷ್ಟವಿತ್ತು, ವೀಳ್ಯದೆಲೆ ಎಲ್ಲಿಂದ? ಆದರೆ ಅದನ್ನು ಯೋಚಿಸುವ ತಾಳ್ಮೆ ಯಾರಿಗಿತ್ತು? ಕಫೀಲ್ ಅವನ ಮುಂದೆ ಬಂದು ನಿಂತು ಹೇಳಿದ, "ಮೂಂಹ್ ಖೋಲೋ."

ಬಾಯಿ ತೆರೆ ಎಂದ! ಸಂತೆಯಲ್ಲಿ ಎತ್ತಿನ ಬಾಯಿ ತೆರೆಸುತ್ತಾರಲ್ಲ, ಹಾಗೆ. ನನ್ನ ಓರಗೆಯ ಒಬ್ಬ ಮನುಷ್ಯನಿಗೆ, ಎಲ್ಲರ ಎದುರಿಗೆ.  ನಾನು ನೋಡುತ್ತ ನಿಂತಿದ್ದೆ. ಬೀಡಾ ತೆರೆದ. ಒಳಗೆ ಎಲೆ ಇರಲಿಲ್ಲ, ಆದರೆ ಹಲ್ಲುಗಳು ಇದ್ದವಲ್ಲ, ಅದೇ ಹಂಚಿನ ಬಣ್ಣ, ಜನ್ಮದ ಸಾಕ್ಷಿಯ ಹಾಗೆ. ಕಫೀಲ್ ಸುಂದರಣ್ಣನ ಕಡೆ ತಿರುಗಿ ಕೈ ಆಡಿಸಿದ, ಇನ್ನೇನು ಬೇಕು ಎನ್ನುವ ಹಾಗೆ. ಒಗೆಯುವವರಲ್ಲಿ ಯಾರೋ ಮೆಲ್ಲಗೆ "ಫೂ" ಎಂದರು. ಒಬ್ಬಿಬ್ಬರು ನಕ್ಕರು.

ಆದರೂ ಸುಂದರಣ್ಣ ನ್ಯಾಯವಂತ. ನನ್ನನ್ನು ಕೇಳಿದ. "ಶೀನ, ನೀನು ಮಿಷನಿಂದ ತೆಗೆಯುವಾಗ ಇತ್ತಾ ಇದು?"

ನೋಡಿ, ದೇವರು ಕೂಡ ಇದಕ್ಕಿಂತ ಸರಳವಾಗಿ ಕೇಳಲಾರ. ಉಂಟು ಎಂದರೆ ಸಾಕಿತ್ತು. ಡ್ರೈಯರಿನ ಬಾಗಿಲಿಗೆ ಒರಗಿ ನಿಂತುಕೊಂಡು ನಾನು ಹೇಳಿದೆ, "ಇಲ್ಲ. ನನ್ನ ಮಿಷನಿಂದ ಬೆಳ್ಳಗೇ ಬಂದದ್ದು."

ಬೀಡಾ ನನ್ನನ್ನು ನೋಡಲಿಲ್ಲ. ನನ್ನ ಕಾಲಿನ ಹತ್ತಿರ ನೋಡಿದ. ಡ್ರೈಯರಿನ ಬುಡದಲ್ಲಿ ನಿಂಬೆಹಣ್ಣು ಹಳದಿಯಾಗಿ ಹೊಳೆಯುತ್ತ ಕೂತಿತ್ತು. ನಾನು ಅದನ್ನು ತೆಗೆಯಲು ಮರೆತಿದ್ದೆ. ಅವನು ನನ್ನ ಕಡೆಗೆ ಬಂದು, ಕೈಯಲ್ಲಿದ್ದ ದಿಶ್ದಾಶಾ ತಾನಾಗಿ ಜಾರಿದ ಹಾಗೆ ಅದರ ಮೇಲೆ ಬೀಳಿಸಿದ. ಬಗ್ಗಿ ಎತ್ತುವಾಗ ನಿಂಬೆಹಣ್ಣೂ ಬಟ್ಟೆಯೊಳಗೆ ಸೇರಿತು. ಇನ್ನೊಂದರ ಕಡೆಗೆ ಕಣ್ಣು ಹಾಯಿಸಿದ. ನನಗೆ ಅರ್ಥವಾಗಿ ನಾನು ಅದನ್ನು ಕಾಲಿನಿಂದ ಒಳಗೆ ಸರಿಸಿದೆ. ಕಫೀಲ್ ಬಟ್ಟೆ ಬಿದ್ದದ್ದಕ್ಕೆ ಇನ್ನಷ್ಟು ರೇಗಿದ. "ಖಲಾಸ್. ಇಸ್ಕೋ ಮುಲ್ಕ್ ಭೇಜೋ," ಎಂದ. ಮುಗಿಯಿತು, ಇವನನ್ನು ದೇಶಕ್ಕೆ ಕಳಿಸಿ.

ಇಕಾಮಾ, ಅಂದರೆ ಅಲ್ಲಿ ಇರುವ ಪರವಾನಗಿ, ರದ್ದಾಯಿತು. ವರ್ಷದ ಹಿಂದೆ ಅವನನ್ನು ಯುದ್ಧ ಓಡಿಸಿತ್ತು. ಈ ಸಲ ನಾನು ಓಡಿಸಿದೆ.

ಈಗ ನನ್ನ ಸಿಟ್ಟನ್ನು ಹೇಳುತ್ತೇನೆ ಕೇಳಿ. ಕಫೀಲನ ಮೇಲೆ ಸಿಟ್ಟು, ಒಬ್ಬನ ಹಲ್ಲು ನೋಡಿ ತೀರ್ಪು ಕೊಟ್ಟದ್ದಕ್ಕೆ. ಸುಂದರಣ್ಣನ ಮೇಲೆ ಸಿಟ್ಟು, ಇನ್ನೊಮ್ಮೆ ಕೇಳದೆ ಹೋದದ್ದಕ್ಕೆ. ಇನ್ನೊಮ್ಮೆ ಕೇಳಿದ್ದರೆ ನಾನು ಹೇಳಿಬಿಡುತ್ತಿದ್ದೆ ಎಂದು ಎಷ್ಟೋ ವರ್ಷ ನಂಬಿಕೊಂಡಿದ್ದೆ. "ಫೂ" ಎಂದವರ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬೀಡಾನ ಮೇಲೆ! ಬಾಯಿ ಬಿಡಬಾರದಿತ್ತೇ? "ಇವನು ಮಿಷನ್ನಿನ ಬಾಯಿಗೆ ಕುಂಕುಮ ಹಾಕಿದ್ದಾನೆ, ಹೋಗಿ ನೋಡಿ" ಎಂದು ಒಂದು ಮಾತು. ಅವನಿಗೆ ಯಾರು ಹೇಳಿದರು ಬಚಾವ್ ಮಾಡು ಎಂದು? ನನ್ನನ್ನು ಹೀಗೆ ಸಾಲಗಾರನನ್ನಾಗಿ ಮಾಡುವ ಹಕ್ಕು ಅವನಿಗೆ ಯಾರು ಕೊಟ್ಟರು? ನನಗೆ ಕೆಟ್ಟದ್ದು ಮಾಡಿದವರನ್ನು ನಾನು ಮರೆತಿದ್ದೇನೆ. ಒಳ್ಳೆಯದು ಮಾಡಿದ ಇವನೊಬ್ಬನನ್ನು ಕ್ಷಮಿಸಲಾಗಲಿಲ್ಲ. ಇಂಥ ನಾಚಿಕೆಗೇಡಿನ ಸಿಟ್ಟೂ ಇರುತ್ತದೆ ಎಂದು ನಿಮಗೆ ಗೊತ್ತಿತ್ತೇ?

ಹೊರಡುವ ದಿನ ಅವನು ಹಿಂದಿನ ಕೋಣೆಗೆ ಬಂದ. ಕೈಯಲ್ಲಿ ಒಂದು ಚೀಲ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಶೀನಣ್ಣ, ಆ ಬಾಯಿಯ ಒಳಗೆ ಒಮ್ಮೆ ಚಂದ ಮಾಡಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಇನ್ನೂ ಇರ್ಬಹುದು. ಪುನಃ ಬಿದ್ರೆ ಈಗ ನಾನೂ ಇಲ್ಲ."

ಅಷ್ಟೇ ಹೇಳಿದ. ಆ ಮಾತಿನಲ್ಲಿ ವ್ಯಂಗ್ಯವೇ ಇರಲಿಲ್ಲ, ಇದ್ದೀತೇ ಎಂದು ನಾನು ಇಷ್ಟು ವರ್ಷ ಹುಡುಕಿದ್ದೇನೆ. ಅವನು ಹೋದ ಮೇಲೆ ಗ್ಯಾಸ್ ನಿಲ್ಲಿಸಿ, ಮೊಣಕಾಲೂರಿ, ಬರ್ನರಿನ ಸುತ್ತ ಒರೆಸಿದೆ. ಬಟ್ಟೆ ಕೆಂಪಾಯಿತು. ಇನ್ನೊಂದು ಬಟ್ಟೆ ತಂದೆ. ಅದೂ ಕೆಂಪಾಯಿತು.

ನಾನು ಅಲ್ಲಿ ಇನ್ನೂ ಬಹಳ ಕಾಲ ಇದ್ದೆ. ಸುಂದರಣ್ಣ ಬಿಟ್ಟ ಮೇಲೆ ಫೋರ್‌ಮನ್ ಕೂಡ ಆದೆ. ಊರಿಗೆ ಬಂದಾಗಲೆಲ್ಲ ಉಪ್ಪಿನಂಗಡಿಯ ಬಸ್ಸುಗಳನ್ನು ನೋಡುತ್ತಿದ್ದೆ, ಹತ್ತುತ್ತಿರಲಿಲ್ಲ.

ಕೊನೆಗೆ ಅವನೇ ಸಿಕ್ಕಿದ. ಸುಂದರಣ್ಣನ ಮಗನ ಮದುವೆಯಲ್ಲಿ, ಮಂಗಳೂರಿನ ಒಂದು ಕಲ್ಯಾಣ ಮಂಟಪದಲ್ಲಿ, ಕೈತೊಳೆಯುವ ನಲ್ಲಿಯ ಹತ್ತಿರ. ತಲೆ ಪೂರ್ತಿ ಬಿಳಿ. ಅವನೇ ಗುರುತು ಹಿಡಿದ.

"ಶೀನಣ್ಣ ಅಲ್ವಾ? ಎಂತ ಮಾರಾಯ್ರೆ, ಹೊಟ್ಟೆ ಬಂದಿದೆ ನಿಮಗೆ!"

"ಬೀಡಾ!" ಎಂದೆ ನಾನು, ಎಲ್ಲರಿಗೂ ಕೇಳುವ ಹಾಗೆ.

"ಆ ಎರಡು ಅಜ್ಜಿಯರು ಇದ್ದಾರಾ ಇನ್ನೂ?"

ಕೇಳಿದ್ದೇ ತಡ, ನಾನು ಶುರು ಮಾಡಿದೆ. ಒಂದರ ಬೇರಿಂಗ್ ಸವೆದದ್ದು, ಶಾಖದ ಬಿಲ್ಲೆಗೆ ಶುವೈಖಿನ ಗ್ಯಾರೇಜು ಬೀದಿಗಳಲ್ಲಿ ಬದಲಿ ಹುಡುಕಿ ಅಲೆದದ್ದು, ಜ್ವಾಲೆ ಹಳದಿಯಾದಾಗ ಗ್ಯಾಸಿನ ತೂತಿಗೆ ಸೂಜಿ ಹಾಕಿ ಸರಿಮಾಡಿದ್ದ ನನ್ನ ಸಾಹಸ, ಕೊನೆಗೆ ಅವೆರಡನ್ನೂ ಗುಜರಿಗೆ ಹಾಕಿದಾಗ ನಾನು ಊಟ ಬಿಟ್ಟದ್ದು. ಊಟದ ಪಂಕ್ತಿ ಎದ್ದು ಇನ್ನೊಂದು ಪಂಕ್ತಿ ಕೂತಿತು, ನನ್ನ ಮಾತು ನಿಲ್ಲಲಿಲ್ಲ. ಮಿಷನ್ನಿನ ಮಾತು ಮುಗಿದರೆ ಇನ್ನೊಂದು ಮಾತು ಬರಬೇಕಲ್ಲ, ಅದಕ್ಕೆ. ಅವನು ತಲೆದೂಗುತ್ತ ಕೇಳಿದ. ಆಮೇಲೆ ಏನು ನೆನಪಾಯಿತೋ, ನನ್ನ ಕಡೆ ಬಾಗಿ, ತಾನಾಗಿಯೇ ಬಾಯಿ ಅಗಲಿಸಿ ತೋರಿಸಿದ. ಸಾಲಾಗಿ ಬೆಳ್ಳಗಿನ ಕಟ್ಟಿಸಿದ ಹಲ್ಲು.

"ನೋಡಿ, ಎಲ್ಲ ಹೊಸತು. ಈಗ ಯಾರು ಬಾಯಿ ತೆರಿ ಅಂದ್ರೂ ನನಗೆ ಹೆದ್ರಿಕೆ ಇಲ್ಲ," ಎಂದು ಗಟ್ಟಿಯಾಗಿ ನಕ್ಕ.

ನಾನೇನು ಹೇಳಿದೆ ಗೊತ್ತೇ? "ಊಟ ಆಯ್ತಾ?" ಎಂದೆ. ಅವನು ಆಯ್ತು ಎಂದ. ನಾನು ನನಗಿನ್ನೂ ಆಗಿಲ್ಲ ಎಂದು ಪಂಕ್ತಿಯ ಕಡೆ ಹೋದೆ. ತಿರುಗಿ ನೋಡಲಿಲ್ಲ. ಥೂ, ಇಂಥ ಮನುಷ್ಯ ಬೇರೆಯವರ ಹೊಸ ಮಿಷನ್ನಿಗೆ ಬೈಯುತ್ತಾನೆ!

ಅವನು ಈಗ ಇದ್ದಾನೋ ಇಲ್ಲವೋ ವಿಚಾರಿಸಿಲ್ಲ. ವಿಚಾರಿಸಿದರೆ ಹೋಗಬೇಕಾಗುತ್ತದೆ. ಇಲ್ಲಿಯೂ ನೋಡಿ, ಗಾಳಿ, ಬೆಂಕಿ, ಜಾಲರಿ ಎಂದು ಎಷ್ಟು ಹಾಳೆ ತುಂಬಿಸಿದೆ. ಮೊದಲಿನಿಂದ ಇಲ್ಲಿಯ ತನಕ ಅವನನ್ನು ಬೀಡಾ ಎಂದೇ ಬರೆದುಕೊಂಡು ಬಂದೆ. ನಾವು ಇಟ್ಟ ಆ ಹೆಸರೇ ಅವತ್ತು ಅವನ ವಿರುದ್ಧ ಮೊದಲು ಸಾಕ್ಷಿ ಹೇಳಿದ್ದು. ಆ ಹೆಸರಿನವನ ಮಾತನ್ನು ಯಾರು ನಂಬುತ್ತಾರೆ? ಅವನ ಪಾಸ್‌ಪೋರ್ಟಿನಲ್ಲಿ ಬೇರೆ ಹೆಸರಿತ್ತು. ಡೇರೆಯಲ್ಲಿ ವಿಮಾನದ ಸರದಿಗೆ ಆ ಹೆಸರನ್ನು ಕೂಗಿದಾಗ ಪಕ್ಕದಲ್ಲಿದ್ದ ನಾನು ಕೇಳಿಸಿಕೊಂಡಿದ್ದೆ. ಒಂದು ಸಲವೂ ಆ ಹೆಸರು ಹಿಡಿದು ಕರೆಯಲಿಲ್ಲ. ನಾನು ತಪ್ಪಾಯಿತು ಎನ್ನಬೇಕಾಗಿದ್ದದ್ದು ಬೀಡಾನಿಗೆ ಅಲ್ಲ. ಅವರ ಹೆಸರು ಉಮ್ಮರಬ್ಬ.